ಬೆಟ್ಟದ ಪಾಲು

ನನ್ನ ಕಸುಬಿಗೆ ಒಂದೇ ಕಟ್ಟಳೆ:
ಅವರು 'ನಾನು' ಎಂದರೆ ನಾನೂ 'ನಾನು' ಎನ್ನಬೇಕು.
'ಆಕೆ ಹೇಳುತ್ತಾಳೆ' ಎನ್ನುವ ಹಾಗಿಲ್ಲ.
ಹಾಗಾಗಿ ಈ ಹನ್ನೊಂದು ವರ್ಷದಲ್ಲಿ
ನಾಲ್ಕು ಸಲ ವಿಚ್ಛೇದನ ಪಡೆದಿದ್ದೇನೆ,
ಒಮ್ಮೆ ಕುರಿ ಕದ್ದಿದ್ದೇನೆ,
ಕಳೆದ ಮಂಗಳವಾರ ಆಲ್ಬುಕರ್ಕಿಯಲ್ಲಿ
ಮೂರನೆಯ ಮಹಡಿಯ ತಣ್ಣನೆ ಕೋಣೆಯೊಳಗೆ
ಪಿಕಪ್ ಗಾಡಿಯೊಂದು ನನಗೆ ಬಡಿಯಿತು.

ಒಬ್ದುಲಿಯಾ ಸೆರ್ನಾ ನನ್ನ ಎಡಕ್ಕೆ ಕೂತಿದ್ದಳು.
ಐವತ್ತೆಂಟು. ಮೋಟೆಲಿನ ಹಾಸು ಹೊದಿಕೆ ಒಗೆದ ಕೈ.
ಊರುಗೋಲು ಮೇಜಿಗೆ ಒರಗಿಸಿದಾಗಲೆಲ್ಲ ಜಾರಿ ಬೀಳುತ್ತಿತ್ತು;
ಎರಡೂ ಕಡೆಯ ವಕೀಲರು ಒಟ್ಟಿಗೇ ಬಗ್ಗುತ್ತಿದ್ದರು.
ಅಷ್ಟರ ಮಟ್ಟಿಗೆ ಎಲ್ಲರೂ ಒಳ್ಳೆಯವರೇ.

ಆಕೆಗೆ ವಕೀಲೆ ಟ್ರುಹಿಯೊ ಸಿಕ್ಕಿದ್ದು ಬಸ್ಸು ಕಾಯುವ ಬೆಂಚಿನಲ್ಲಿ:
ಒರಗುವ ಹಲಗೆಯ ಮೇಲೆ ನಗುವ ಮುಖ, ಫೋನ್ ನಂಬರು,
'ಗೆದ್ದರೆ ಮಾತ್ರ ಫೀಸು.'
ಆರು ವರ್ಷ ಆ ಹಲ್ಲುಗಳಿಗೆ ಬೆನ್ನು ಕೊಟ್ಟು ಕೂತವಳಿಗೆ
ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ
ನೆನಪಿದ್ದದ್ದು ಅದೊಂದೇ ನಂಬರು.
ಮಗಳದ್ದೂ ಮರೆತಿತ್ತು.

ಆದರೆ ಬೆರಳು ಗುಂಡಿ ಒತ್ತುವ ಮೊದಲೇ
ವಿಮೆಯವರ ಕರೆ ಬಂತು, ಜೇನಿನ ದನಿಯಲ್ಲಿ:
ಹೇಗಿದ್ದೀರಿ ಈಗ?
'ಪರವಾಗಿಲ್ಲ' ಎಂದಳಂತೆ, ಮರ್ಯಾದೆಗೆ.
ಆ ಒಂದು 'ಪರವಾಗಿಲ್ಲ' ಟೇಪಿನೊಳಗೆ ಕೂತು
ಮುರಿದ ಸೊಂಟದೆದುರು ಸಾಕ್ಷಿ ಹೇಳಲು ಬಂದಿದೆ.

ಪ್ರಶ್ನೆ: ದಾಟುವ ಪಟ್ಟೆ ಎಷ್ಟು ದೂರವಿತ್ತು?
ಉತ್ತರ: ನಡೆಯುವವರಿಗೆ ದೂರ.
ಪ್ರಶ್ನೆ: ಅಡಿಗಳಲ್ಲಿ ಹೇಳಿ.
ಉತ್ತರ: ಬಟ್ಟೆಯ ಮೂಟೆ ಹೊತ್ತು ಹೋಗಿ ಬಂದರೆ
ಒಂದು ಬಸ್ಸು ತಪ್ಪುವಷ್ಟು.
ಹಾಗೆಯೇ ಇಂಗ್ಲಿಷಿಗೆ ಇಳಿಸಿದೆ.
ಟೈಪು ಮಾಡುವ ಹುಡುಗಿ ತಲೆ ಎತ್ತಿ ನೋಡಿದಳು.

ಪ್ರಶ್ನೆ: ಆ ಗಳಿಗೆಯಲ್ಲಿ ನೀವು ಯಾವ ಕಡೆ ನೋಡುತ್ತಿದ್ದಿರಿ?

ಟ್ರುಹಿಯೊ ಉಸಿರು ಹಿಡಿದದ್ದು ನನಗೆ ಕೇಳಿಸಿತು.

ಮೂಡಲಿಗೆ ಬೆಟ್ಟ. ನವೆಂಬರಿನಲ್ಲಿ ಹೊತ್ತಿಳಿಯುವಾಗ
ಹತ್ತೇ ನಿಮಿಷ ಅದು ಕೊಯ್ದಿಟ್ಟ ಕಲ್ಲಂಗಡಿ.
ಹೆಸರೂ ಅದೇ, ನಮ್ಮ ಸ್ಪ್ಯಾನಿಷಿನಲ್ಲಿ.
ಬೆಟ್ಟವನ್ನು ಕೆಂಪಾಗಿಸಿದ ಆ ಪಡುವಣ ಬೆಳಕೇ
ಪಿಕಪ್ಪಿನ ಹುಡುಗನ ಕಣ್ಣು ಕುಕ್ಕಿತ್ತು;
ಹಾಗೆಂದು ಅವನ ಹೇಳಿಕೆ.

'ಗಾಡಿ ಬರುವ ಕಡೆಗೇ' ಅಂದಳು ಒಬ್ದುಲಿಯಾ.
'ಆದರೆ ಸ್ವಲ್ಪ ಮೇಲೆ. ಬೆಟ್ಟ ಕೆಂಪಾಗಿತ್ತು.'

ಸುಳ್ಳಾಡಲು ನನಗಿದ್ದದ್ದು
ಉಗುಳು ನುಂಗುವಷ್ಟು ಹೊತ್ತು.
ಮೊದಲ ಮಾತು ಹೇಳಿ ನಿಲ್ಲಿಸಬಹುದಿತ್ತು.
ಬೆಟ್ಟ ನೋಡುತ್ತಿದ್ದೆ, ಎಂದೆ.
ಕೆಂಪಾಗಿತ್ತು ಎಂಬುದನ್ನೂ ಬಿಡಲಿಲ್ಲ.
ಎದುರು ವಕೀಲ ಹಾಲ್‌ವರ್ಸನ್ ಪೆನ್ನಿನಿಂದ
ಅದರ ಕೆಳಗೊಂದು ಗೆರೆ ಎಳೆದ, ಮೆತ್ತಗೆ.

ಕಾರಿಡಾರಿನಲ್ಲಿ ಟ್ರುಹಿಯೊ ಲೆಕ್ಕ ಬಿಡಿಸಿದಳು:
ತಪ್ಪಿನಲ್ಲಿ ನಿಮ್ಮ ಪಾಲು ನೂರಕ್ಕೆ ಮೂವತ್ತು ಎಂದಾರು.
ಅದನ್ನು ಕಳೆದು, ಉಳಿದದ್ದರಲ್ಲಿ ಮೂರರಲ್ಲೊಂದು ನನ್ನದು,
ಆಮೇಲೆ ಆಸ್ಪತ್ರೆಯದು.
'ನನ್ನದು' ಎನ್ನುವಾಗ ನಾಲಿಗೆ ತಡವರಿಸಿತು.
ಕಟ್ಟಳೆ ಕಟ್ಟಳೆಯೇ.

ಒಬ್ದುಲಿಯಾ ಬೆರಳು ಮಡಿಸುತ್ತ ಕೇಳಿದಳು:
ಮೂವತ್ತು ಎಂದರೆ ನನ್ನ ಯಾವ ಭಾಗ?
ಸೊಂಟ ಅವನದೆಂದೇ ಇಟ್ಟುಕೊಳ್ಳಿ. ಮೊಣಕಾಲು ನನ್ನದೆ?
ಬೆಟ್ಟಕ್ಕೇನೂ ಪಾಲಿಲ್ಲವೆ?

ತಮಾಷೆಗೆ ಅಂದದ್ದು. ಟ್ರುಹಿಯೊ ನಗಲಿಲ್ಲ,
ಬೆಂಚಿನ ಮೇಲೆ ಮಾತ್ರ ನಗುವವಳು.
ಮತ್ತೆ ಬಿದ್ದ ಊರುಗೋಲನ್ನು ಬಗ್ಗಿ ಎತ್ತಿ
ರಬ್ಬರು ತುದಿಯ ಧೂಳು ಅಂಗೈಯಲ್ಲೇ ಒರೆಸಿ ಕೊಟ್ಟಳು.

ಸಂಜೆ, ನನ್ನ ಬಸ್ಸು ರಸ್ತೆಯ ಆಚೆ ಬದಿಗೆ.
ಆರು ಸಾಲು ಗಾಡಿ. ಪಟ್ಟೆ, ದೀಪ ಎಲ್ಲ
ದೂರದ ಟಯರ್ ಅಂಗಡಿಯ ಹತ್ತಿರ.
ಎಲ್ಲರಂತೆ ನಡುವಿನಲ್ಲೇ ಇಳಿದೆ.
ಎಡಕ್ಕೆ ನೋಡಿದೆ, ಬಲಕ್ಕೆ ನೋಡಿದೆ,
ಮೇಲೆ ನೋಡಬಾರದು ಎಂದುಕೊಳ್ಳುತ್ತಲೇ
ನೋಡಿದೆ.

ನಾನು. ಈ ಸಲ ನಾನೇ.