ನಿರ್ದೇಶಕಿ ತ್ಸಿಯಾಲಾ ಅವರಿಗೆ ಒಂದು ಪುಟ

ನೀವು ಕೇಳಿದ್ದು ಒಂದೇ ಪುಟ, ಸೋಮವಾರದೊಳಗೆ:
ನಾಲ್ಕು ಕಂಪ್ಯೂಟರುಗಳಲ್ಲಿ ಯಾವುದರ ಪದ್ಧತಿ ಮೇಲು,
ಯಾವುದು ಉಳಿಯಲಿ, ಯಾವುದು ಅಳಿಯಲಿ.
ಕುತಾಯಿಸಿಯ ಈ ಹಲ್ಲಿನ ಆಸ್ಪತ್ರೆಯ ನೆಲಮಾಳಿಗೆಯಲ್ಲಿ
ಮೂರು ರಾತ್ರಿ ಕೂತೆ.
ಹೀಟರಿನ ಎರಡು ಸರಳಲ್ಲಿ ಒಂದೇ ಕೆಂಪಗಾಗುತ್ತದೆ,
ಅದನ್ನೂ ವರದಿಯಲ್ಲಿ ಸೇರಿಸಿಕೊಳ್ಳಿ.

ಬಾಗಿಲ ಪಕ್ಕದ್ದು ಡೆಬಿಯನ್.
ಎಕ್ಸ್‌ರೇ ನೋಡುವ ಒಂದು ಪುಟ್ಟ ತಂತ್ರಾಂಶ ಬೇಕೆಂದೆ.
ಆಪ್ಟ್ ತಲೆಯೆತ್ತಿ ಹೇಳಿತು:
ಇವನ ಜೊತೆ ನಲವತ್ತಮೂರು ಮಂದಿ ಬರುತ್ತಾರೆ, ಮುಂದುವರಿಯಲೇ?
ನಮ್ಮ ಔತಣಗಳ ಹಾಗೇ, ಮೇಡಂ.
ಕರೆದದ್ದು ಭಾವನೊಬ್ಬನನ್ನು, ಬಂದದ್ದು ಭಾವನ ಬಳಗ.
ಮೂಲೆಯಲ್ಲಿ ಕೂತವನು ಯಾರ ಕಡೆಯವನೋ
ತಮಾದಾನಿಗೂ ಗೊತ್ತಿಲ್ಲ,
ಎಬ್ಬಿಸಿದರೆ ಮಾತ್ರ ಇಡೀ ಮೇಜು ಕುಸಿಯುತ್ತದೆ.
ಹೂಂ ಅಂದೆ. ಎಲ್ಲರೂ ಕೂತರು. ಜಗಳವಾಗಲಿಲ್ಲ.

ಕಿಟಕಿಯ ಬಳಿ ಮಲ್ಖಾಜ ಹಾಕಿಕೊಟ್ಟ ಆರ್ಚ್.
ಅಲ್ಲಿ ಪ್ಯಾಕ್‌ಮನ್ ಚುಕ್ಕೆ ನುಂಗುತ್ತ ಓಡುತ್ತದೆ,
ಎಲ್ಲವೂ ಒಲೆಯಿಂದ ಈಗಷ್ಟೇ ಕಿತ್ತ ರೊಟ್ಟಿ.
ಆದರೆ ಅರ್ಧ ನಿನ್ನೆಯದು ಅರ್ಧ ಇವತ್ತಿನದು ತಿಂದಿರೋ
ಹೊಟ್ಟೆ ಕೆಟ್ಟಿತೆಂದೇ ಲೆಕ್ಕ.
ಮಲ್ಖಾಜ ಬಾತುಮಿಯ ಸಮುದ್ರಕ್ಕೆ ಹೋಗಿ ಆರು ವಾರ,
ಬಂದು ನೋಡಿದರೆ ಪರದೆ ಕಪ್ಪು.

ಸೂಸೆಯ ಜಿಪ್ಪರ್ ಬೇರೆಯೇ ಜಾತಿ.
ಗಂಟು ಬಿದ್ದಾಗ ಮುಚ್ಚುಮರೆಯಿಲ್ಲ, ದಾರಿಗಳನ್ನು ಎಣಿಸಿಡುತ್ತದೆ.
ಒಂದು: ಹಳೆಯದನ್ನು ಬಿಡು. ಎರಡು: ಹೊಸದರ ಆಸೆ ಬಿಡು.
ಮೂರು: ಮುರಿಯುತ್ತದೆಂದು ಗೊತ್ತಿದ್ದೂ ಮುಂದುವರಿ.
ನನ್ನ ವಿಚ್ಛೇದನದ ವಕೀಲ
ಇಷ್ಟು ನೇರವಾಗಿ ಮಾತಾಡಿರಲಿಲ್ಲ.

ನಾಲ್ಕನೆಯದು ಒತಾರಿಯದು. ಸ್ಲ್ಯಾಕ್‌ವೇರ್.
ಅದು ಏನನ್ನೂ ಕೇಳುವುದಿಲ್ಲ, ಎಚ್ಚರಿಸುವುದಿಲ್ಲ.
ಕೊಟ್ಟ ಗಂಟನ್ನು ಬಿಚ್ಚಿ ಸುಮ್ಮನೆ ಹರವುತ್ತದೆ.
ಯಾವುದಕ್ಕೆ ಯಾವುದು ಬೇಕು, ಅದು ನಿನ್ನ ತಲೆನೋವು.
ಅದರ ಡ್ರಾಯರಿನಲ್ಲಿ ಒಂದು ನೋಟ್‌ಬುಕ್ ಸಿಕ್ಕಿತು,
ಪೆನ್ಸಿಲ್ಲಿನಲ್ಲಿ, ದುಂಡು ದುಂಡು ಅಕ್ಷರ:
"ಚಿತ್ರ ತೆರೆಯಲು ಪಿಎನ್‌ಜಿ.
ಪಿಎನ್‌ಜಿಗಿಂತ ಮೊದಲು ಝಡ್‌ಲಿಬ್.
ಝಡ್‌ಲಿಬ್‌ಗೆ ಯಾರ ಹಂಗೂ ಇಲ್ಲ. ಒಳ್ಳೆಯ ಪ್ರಾಣಿ."
ಇನ್ನೊಂದು ಕಡೆ:
"ಕ್ರಮ ತಪ್ಪಿತು. ನವೆಂಬರ್, ಬೆಳಗಿನ ನಾಲ್ಕು. ತಪ್ಪು ನನ್ನದು."
ಹನ್ನೊಂದು ವರ್ಷ ಹೀಗೇ. ನಡುವೆ ಒಂದು ದ್ರಾಕ್ಷಾರಸದ ಕಲೆ.
ಕೊನೆಯ ಸಾಲು: "ನೆಸ್ತಾನ್‌ಗೆ ತೋರಿಸಬೇಕು."

ತೋರಿಸಲಿಲ್ಲ. ಜನವರಿಯಲ್ಲಿ ಎದೆ ಹಿಡಿದುಕೊಂಡು ಹೋದರು.

ಮತ್ತೆ ಡೆಬಿಯನ್ನಿಗೆ ಬಂದೆ, ಕಸ ಗುಡಿಸೋಣವೆಂದು.
ಆಪ್ಟ್ ಒಂದು ಪಟ್ಟಿ ಹಿಡಿಯಿತು:
ಇವು ಯಾರದೋ ಜೊತೆ ತಾವಾಗಿ ಬಂದವು,
ಕರೆತಂದವರು ಈಗಿಲ್ಲ,
ಇನ್ನು ಯಾರಿಗೂ ಬೇಡ. ತೆಗೆಯಲೇ?
ಬಹಳ ಹೊತ್ತು ಕೀಲಿಯ ಮೇಲೆ ಬೆರಳಿಟ್ಟು ಕೂತೆ.
ನಿಮಗೆ ನೆನಪಿರಲಿಕ್ಕಿಲ್ಲ, ಮೇಡಂ,
ನನ್ನನ್ನೂ ಈ ಆಸ್ಪತ್ರೆ ಹೆಸರು ಹಿಡಿದು ಕರೆದದ್ದಲ್ಲ.
ತಂತಿ ಹಿಡಿದುಕೊಳ್ಳಲೊಬ್ಬರು ಬೇಕೆಂದು
ಒತಾರಿಯ ಹಿಂದೆ ಬಂದವಳು.
ಬೇಡ ಎಂದು ಒತ್ತಿದೆ. ಜಾಗವೇನೂ ಕಡಿಮೆ ಬಿದ್ದಿಲ್ಲ.

ವರದಿ ಇಷ್ಟು: ಡೆಬಿಯನ್ ಉಳಿಯಲಿ.
ಹಲ್ಲುನೋವಿನವನಿಗೆ ಹೊಸತು ಯಾಕೆ, ನೋವು ನಿಂತರಾಯಿತು.
ಆರ್ಚನ್ನು ಮಲ್ಖಾಜ ಮನೆಗೆ ಒಯ್ಯಲಿ, ಸಾಕಿಕೊಳ್ಳಲಿ.
ಸೂಸೆ ರಸೀದಿಗಳ ಕೋಣೆಗೆ.
ನಾಲ್ಕನೆಯದನ್ನು ಆರಿಸಬಹುದು.
ನೋಟ್‌ಬುಕ್ ಮಾತ್ರ ನನ್ನ ಬಳಿ ಇರಲಿ,
ಅದು ಯಾರ ಹಂಗಿನಲ್ಲಿದೆ, ಅದರ ಹಂಗಿನಲ್ಲಿ ಯಾರು,
ಇನ್ನೂ ಪೂರ್ತಿ ಗೊತ್ತಾಗಿಲ್ಲ.

ಪುಟ ಎರಡಾಯಿತು. ಕ್ಷಮೆಯಿರಲಿ.