ಎರಡು ಬೆರಳಗಲ

ಟಿಬಿಲಿಸಿಯ ತಪಾಸಣಾ ಮಂಡಳಿ ಇರುವುದು ಎರಡನೇ ಮಹಡಿಯಲ್ಲಿ.
ಇಪ್ಪತ್ತಾರು ಮೆಟ್ಟಿಲಂತೆ. ನಾನು ಎಣಿಸಿದವಳಲ್ಲ,
ಹತ್ತುತ್ತೇನೆ, ಕೂತು ಟೈಪು ಮಾಡುತ್ತೇನೆ.
ಎಣಿಸಿದವಳು ತ್ಸಿಯಾಲಾ:
ಕೆಳಗಿನ ರೊಟ್ಟಿ ಅಂಗಡಿಯ ಇಬ್ಬರು ಹುಡುಗರ
ತೋಳ ಮೇಲೆ ಬಂದಳು,
ಕಪ್ಪು ಕೋಟಿಗೆಲ್ಲ ಹಿಟ್ಟು.

"ಕಾಲು ಆಡುತ್ತದೆಯೆ?" ಡಾಕ್ಟರ್ ಒತಾರ್ ಕೇಳಿದರು.
"ಹೋದ ವರ್ಷ ಆಡಿರಲಿಲ್ಲ. ಈ ವರ್ಷವೂ."
ಸೂಜಿ ಚುಚ್ಚಿದರು. ಮಂಡಿ, ಮೀನಖಂಡ, ಹೆಬ್ಬೆರಳು.
ನಾನು ಬಡಿದೆ: ಬೆನ್ನುಹುರಿಗೆ ಪೆಟ್ಟು,
ಸೊಂಟದಿಂದ ಕೆಳಗೆ ಸ್ಪರ್ಶವಿಲ್ಲ.

'ಕಾರಣ' ಎಂಬ ಕಲಮಿಗೆ ಬಂದಾಗ
ಅವಳು ನನ್ನ ಕಡೆ ತಿರುಗಿದಳು. "ಬರಕೋ ಮಗಳೇ,
ವಾರ್ಕೆತಿಲಿ, ಒಂಬತ್ತನೇ ಮಹಡಿ,
ಇಪ್ಪತ್ತು ತೆತ್ರಿ ನುಂಗಿದ ಮೇಲೆ ಏಳುವ ಲಿಫ್ಟು.
ಅದರ ಬಾಗಿಲು ಅರವತ್ತೆರಡು ಸೆಂಟಿಮೀಟರು.
ನನ್ನ ಗಾಲಿಕುರ್ಚಿ, ಕೊಂಡಾಗ, ಅರವತ್ತೈದು.
ಎರಡು ಬೆರಳಗಲ.
ನನ್ನ ರೋಗ ಅಷ್ಟೇ ಅಗಲ."

ಡಾಕ್ಟರು ನಕ್ಕರು. ಕೆಟ್ಟವರೇನಲ್ಲ,
ಮೊನ್ನೆ ಒಬ್ಬ ಮುದುಕನಿಗೆ ತಮ್ಮದೇ ಕೈಗವಸು ಕೊಟ್ಟವರು.
"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

"ಡೊಂಕೇ ಇದೆಯಲ್ಲ!
ಕುಣಿಯುವವರಿಗೆ ಅದು ಹೇಗೆ ಗೊತ್ತಾಗಬೇಕು,
ಗಾಲಿಯನ್ನು ಕೇಳಿ.
ಬೆನ್ನು ಮುರಿದದ್ದು ಸುಳ್ಳಲ್ಲ, ಹಿಮದ ರಸ್ತೆಯಲ್ಲಿ, ಒಂದೇ ಸಲ.
ಚಳಿಗೆ ಈಗಲೂ ಸೊಂಟ ಹಲ್ಲು ಕಡಿಯುತ್ತದೆ,
ಅದಕ್ಕೆ ನಿಮ್ಮ ಮಾತ್ರೆ ಬೇಕು, ಕೊಡಿ.
ಬಾಗಿಲು ನನ್ನನ್ನು ಮುರಿದದ್ದು
ಹನ್ನೊಂದು ವರ್ಷ. ದಿನಾ."

ಕಳೆದ ತಿಂಗಳು ಪಕ್ಕದ ಮನೆಯ ಮಲ್ಖಾಜ್, ಬೆಸುಗೆ ಕೆಲಸದವ,
ಒಂದು ಉಪಾಯ ಹೂಡಿದನಂತೆ:
ಗಾಲಿಯ ಹೊರಗಿನ ಹಿಡಿಬಳೆ ಎರಡೂ ಕಳಚಿದ.
ಕುರ್ಚಿ ತೂರಿತು. ಕೇರಿಯೇ ಚಪ್ಪಾಳೆ ತಟ್ಟಿತು.
ಈಗ ಟೈರನ್ನೇ ಹಿಡಿದು ತಳ್ಳಬೇಕು,
ಬೀದಿಯದೆಲ್ಲ ಅಂಗೈಗೆ.

"ನೋಡಿ, ಬಾಗಿಲು ಇದ್ದ ಹಾಗೇ ಇದೆ.
ಸಣ್ಣಗಾದವಳು ನಾನೇ."
ಎರಡೂ ಕೈ ಚಾಚಿದಳು.
ಡಾಕ್ಟರು ಬೆಳಕಿಗೆ ಹಿಡಿದು, ತುಂಬ ಹೊತ್ತು ನೋಡಿ,
"ಅಂಗೈ ಒಡೆದಿದೆ. ಮುಲಾಮು, ದಿನಕ್ಕೆರಡು ಸಲ" ಎಂದು ಬರೆಸಿದರು.

ಲಿಫ್ಟಿಗೆ ನಮ್ಮಲ್ಲಿ ಕಲಮಿಲ್ಲ.
ಯಾಕೋ, ಹಾಳೆಯ ಅಂಚಿನಲ್ಲಿ
ಪೆನ್ಸಿಲಿನಿಂದ ೬೨ ಅಂತ ಗೀಚಿ ಕಳಿಸಿದೆ.

ಸಂಜೆಯೊಳಗೆ ಕಡತ ಮೇಜಿಗೆ ವಾಪಸು,
ಕೆಂಪು ಶಾಯಿಯಲ್ಲಿ:
ರೋಗಿಯ ವಯಸ್ಸು ೫೮. ತಿದ್ದಿ ಕಳಿಸಿ.