ಇಪ್ಪತ್ತು ವರ್ಷದ ಖಾತರಿ

ಮೊದಲು ಅಂಗೈಯಲ್ಲಿ ತೂಗು, ಅನ್ನುತ್ತಿದ್ದ ಮುದುಕ ಕ್ಲೈನ್‌ಫೆಲ್ಟರ್,
ಆಮೇಲೆ ಅಂಗೈಯನ್ನು ನಂಬಬೇಡ.
ಯಂತ್ರಕ್ಕೂ ತೂಕವಿದೆ, ದಪ್ಪ ಗಾಜಿಗೂ ಇದೆ,
ಮಾರಲು ಬಂದವರ ಮುಖಕ್ಕೆ ಎಲ್ಲಕ್ಕಿಂತ ಹೆಚ್ಚು.

ಆಲ್ಟೂನಾದಲ್ಲಿ ಅದು ಚಿನ್ನದ ಬೆಲೆ ಏರಿದ ಚಳಿಗಾಲ.
ರೈಲು ಕಾರ್ಖಾನೆಯ ಮಸಿ ಹಿಮದ ಮೇಲೆ ಕೂತು
ಬೀದಿಗೆ ಬೀದಿಯೇ ಒರೆಗಲ್ಲಿನ ಬಣ್ಣ.
ಹಲ್ಲಿನ ಕವಚ, ಮುರಿದ ಲಾಕೆಟ್ಟು, ಒಂಟಿ ಓಲೆ,
ಸಾಲು ಬಾಗಿಲಾಚೆ ಹೋಗಿತ್ತು.
ಆ ಸಾಲಿನಲ್ಲಿ ವರ್ನಾ ಸ್ಟೌಟ್,
ಕರವಸ್ತ್ರದ ಗಂಟಿನೊಳಗೆ ಗಂಡನ ಗಡಿಯಾರ.
'ಗಟ್ಟಿ ಚಿನ್ನ,' ಅಂದಳು, 'ಎಲ್ವುಡ್ಡೇ ಹೇಳಿದ್ದು.
ನಾಲ್ಕು ತಿಂಗಳ ಸಂಬಳ ಸುರಿದಿದ್ದ.'

ಸವೆಯುವ ಜಾಗಗಳು ನನಗೆ ಗೊತ್ತು:
ಸರಪಳಿ ತಿಕ್ಕುವ ಕೊಂಡಿ, ಕೀಲಿನ ಬೆನ್ನು,
ಮುಚ್ಚಳ ತೆರೆಯಲು ಉಗುರು ಹೊಕ್ಕುವ ಸೀಳು.
ಗಟ್ಟಿ ಚಿನ್ನ ಸವೆದರೆ
ಅಡಿಯಲ್ಲಿ ಮತ್ತೆ ಚಿನ್ನ, ಅದರಡಿಯಲ್ಲೂ ಅದೇ.
ಇಲ್ಲಿ ಕೊಂಡಿಯ ಒಳಬಾಗದಲ್ಲಿ ಬೇರೊಂದು ಹಳದಿ,
ಹಳೇ ಬಾಗಿಲ ಹಿಡಿಯ ಹಳದಿ.

ಭೂತಗನ್ನಡಿ ಕಣ್ಣಿಗಿಟ್ಟು ಅಂಚನ್ನು ದೀಪಕ್ಕೆ ಹಿಡಿದೆ.
ಚಿನ್ನ, ಹಿತ್ತಾಳೆ, ಚಿನ್ನ.
ಮೇಲೊಂದು ಕೆನೆ, ಕೆಳಗೊಂದು ಕೆನೆ.

ಆಸಿಡ್ ಸೀಸೆಯ ಬಿರಡೆ ಬಿಚ್ಚಲೇ ಇಲ್ಲ.
ಹಿಂದಿನ ಮುಚ್ಚಳದೊಳಗೆ ಅಚ್ಚು ಒತ್ತಿತ್ತು:
ಇಪ್ಪತ್ತು ವರ್ಷಕ್ಕೆ ಖಾತರಿ.
ಮುದುಕ ಕಲಿಸಿದ್ದರಲ್ಲಿ ಮರೆಯದ ಪಾಠ ಇದೊಂದು:
ಖಾತರಿ ಕೊಟ್ಟಿದ್ದರೆ ಅದು ಚಿನ್ನವಲ್ಲ.
ಚಿನ್ನ ಇಷ್ಟು ವರ್ಷ ಅಂತ ಮಾತು ಕೊಡುವುದಿಲ್ಲ,
ಹದಿನಾಲ್ಕು ಕ್ಯಾರಟ್ ಅಂತ ಹೇಳಿ ಬಾಯಿ ಮುಚ್ಚುತ್ತದೆ.

ಅಚ್ಚಿನ ಸುತ್ತ ಸೂಜಿಮೊನೆಯ ಗೀರುಗಳು,
ರಿಪೇರಿಯವರು ತಮಗೆ ತಾವೇ ಬರೆದುಕೊಳ್ಳುವ ಲೆಕ್ಕ.
ಮೂರು ಗೀರು ನನ್ನ ಮುದುಕನದೇ ಕೈ.
ಅಂದರೆ ಅವನಿಗೆ ಗೊತ್ತಿತ್ತು.
ಮೂರು ಸಲ ತೆರೆದ, ಎಣ್ಣೆ ಬಿಟ್ಟ, ಮುಚ್ಚಿದ.
ಮೂರು ಸಲವೂ ಎಲ್ವುಡ್ ಈ ಕಟ್ಟೆಗೆ ಒರಗಿ ನಿಂತು
ಹಿಮದ ಬಗ್ಗೆ ಏನೋ ಮಾತಾಡಿರಬೇಕು.

ನಾನು ಹೇಳಿದೆ. ಅವಳು ಬೆಲೆ ಕೇಳಿದ್ದಳಲ್ಲ.

ಅಳಲಿಲ್ಲ. 'ಕೊಂಡದ್ದು ಯಾವ ವರ್ಷ?' ಅಂದಳು.
ಯಂತ್ರದ ಸಂಖ್ಯೆ ಓದಿ, ಪಟ್ಟಿ ತೆಗೆದು ಹುಡುಕಿದೆ:
ಸಾವಿರದ ಒಂಬೈನೂರ ಮೂರು.
'ಆ ವರ್ಷ ನನಗೆ ಹೊಲಿಗೆ ಮಿಷನ್ ಬಂತು.
ಚರ್ಚಿನ ಲಾಟರಿಯಲ್ಲಿ ಹೊಡೆಯಿತು ಅಂದಿದ್ದ.
ನಮ್ಮ ಚರ್ಚು ಲಾಟರಿ ನಡೆಸುವುದಿಲ್ಲ.
ಆಗಲೂ ನಡೆಸುತ್ತಿರಲಿಲ್ಲ.'

ನನ್ನ ಪೆನ್ಸಿಲ್ ಕೇಳಿ ಪಡೆದು, ಕಾಗದದ ಚೀಲದ ಮೇಲೆ
ಆಗಿನ ಸಂಬಳ ಬರೆದಳು, ಮಿಷನ್ನಿನ ಬೆಲೆ ಕಳೆದಳು,
ಇಂಥ ಗಡಿಯಾರಕ್ಕೆ ಆಗ ಎಷ್ಟಿತ್ತು ಅಂತ ಕೇಳಿ ಅದನ್ನೂ ಕಳೆದಳು.
ಹನ್ನೊಂದು ಡಾಲರ್ ತಾಳೆಯಾಗಲಿಲ್ಲ.
ಅಳಿಸಿ ಮತ್ತೆ ಮಾಡಿದಳು. ಮತ್ತೆ ಹನ್ನೊಂದು.
ಹಿಂದಿನವರು ಕೆಮ್ಮಿದರು.
'ಕುಡಿದಿರುತ್ತಾನೆ,' ಅಂದಳು ಕೊನೆಗೆ,
ಹಾಗೆ ಅನ್ನುವಾಗ ತುಟಿಯ ಒಂದು ಬದಿ ಮಾತ್ರ ನಕ್ಕಿತು.

ಕೀ ತಿರುಗಿಸಿ, ಕಿವಿಗೆ ಹಿಡಿದು, ಗೋಡೆ ಗಡಿಯಾರ ನೋಡಿ
ಮುಳ್ಳು ಸರಿಮಾಡಿಕೊಂಡು ಗಂಟು ಕಟ್ಟಿದಳು.
ಚೀಲವನ್ನೂ ಮಡಿಸಿ ಒಯ್ದಳು.

ಮುಂದಿನವರು, ಅಂದೆ.
ಚಿನ್ನಕ್ಕೆ ವಾಸನೆಯಿಲ್ಲ.
ನನ್ನ ಬೆರಳಲ್ಲಿ ಹಿತ್ತಾಳೆಯ ವಾಸನೆ
ಅಂಗಡಿ ಮುಚ್ಚುವ ತನಕವೂ ಇತ್ತು.